ಇಲ್ಲದ ಹಲ್ಲಿನ ನೋವು

ಮದುವೆಯಾದ ವರ್ಷವೇ ವಚನಾ ಒಂದು ವಿಷಯದಲ್ಲಿ ಫೇಲಾದಳು. ಬಿಡಿಎಸ್ ಕೊನೆಯ ವರ್ಷದ ಉಳಿದೆಲ್ಲ ವಿಷಯಗಳೂ ಪಾಸಾಗಿ ಓರಲ್ ಮೆಡಿಸಿನ್ ಒಂದು ಉಳಿದುಕೊಂಡಿತು. ರೋಗಿಯನ್ನು ಕೂರಿಸಿಕೊಂಡು, ಕೇಳಿ, ನೋಡಿ, ಮುಟ್ಟಿ, ಬಾಯಿಗೆ ಬಂದಿರುವ ಕಾಯಿಲೆ ಯಾವುದೆಂದು ಹೇಳುವ ವಿಷಯ ಅದು. ಅವಳಿಗೆ ಬಾರದ ವಿಷಯವೇನಲ್ಲ. ಆದರೆ ಆ ಪೇಪರಿನ ಹಿಂದಿನ ದಿನ ಗಂಡನ ಮನೆಯಲ್ಲಿ ಮನೆದೇವರ ಪೂಜೆ ಇತ್ತು. ಹೊಸ ಸೊಸೆ ರೂಮಿನಲ್ಲಿ ಓದುತ್ತಾ ಕೂತರೆ ನೆಂಟರು ಏನೆಂದುಕೊಳ್ಳುತ್ತಾರೆ ಎಂದು ಅತ್ತೆ ಚಿಕ್ಕಲಕ್ಷ್ಮಮ್ಮ ಅವಳ ಕೈಗೆ ಸೌಟು ಕೊಟ್ಟರು. ಪಂಕ್ತಿಯ ಮೇಲೆ ಪಂಕ್ತಿ ಬಡಿಸಿ, ಪಾತ್ರೆಗಳನ್ನೆಲ್ಲ ಒಳಗಿಟ್ಟು, ಮಾರನೆಯ ಬೆಳಿಗ್ಗೆ ಕೆಂಗೇರಿಯ ಆಚೆಯ ಕಾಲೇಜಿಗೆ ಹೋಗಿ ಕೂತಾಗ ಪ್ರಶ್ನೆಪತ್ರಿಕೆಯ ಅಕ್ಷರಗಳು ಕಂಡವೇ ಹೊರತು ಉತ್ತರ ನೆನಪಾಗಲಿಲ್ಲ.

ಫಲಿತಾಂಶ ಬಂದ ದಿನ ಮನೆಯಲ್ಲಿ ಯಾರೂ ಬೈಯಲಿಲ್ಲ. ಬೈಯದೇ ಇದ್ದದ್ದೇ ಅವಳಿಗೆ ಕಷ್ಟವಾಯಿತು. ಸದ್ಯ ಇಲ್ಲಿಗೆ ಮುಗಿಯಿತಲ್ಲ ಎನ್ನುವ ಸಮಾಧಾನ ಎಲ್ಲರ ಮುಖದಲ್ಲೂ ಇತ್ತು.

ಮನೆ ಉಲ್ಲಾಳದಲ್ಲಿ. ಮಾವ ಮುನಿರಾಜು ಆ ಊರಿನ ಹಳೆಯ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ಹೊಲ ಲೇಔಟಾದ ಮೇಲೆ ಉಳಿಸಿಕೊಂಡ ಸೈಟಿನಲ್ಲಿ ನಾಲ್ಕಂತಸ್ತಿನ ಕಟ್ಟಡ ಎಬ್ಬಿಸಿದ್ದರು. ಕೆಳಗೆ ಅವರದೇ ಟೈಲ್ಸ್ ಅಂಗಡಿ, ಪಕ್ಕದಲ್ಲಿ ಬಾಡಿಗೆಗೆ ಕೊಟ್ಟ ಔಷಧಿ ಅಂಗಡಿ. ಮೊದಲ ಮಹಡಿಯಲ್ಲಿ ಸಂಸಾರ. ಅದರ ಮೇಲೆಲ್ಲ ಬಾಡಿಗೆದಾರರು. ಲಿಫ್ಟ್ ಇರಲಿಲ್ಲ. ವಚನಾಳ ಗಂಡ ಗೌತಮ್ ಅಂಗಡಿಯಲ್ಲಿ ಅಪ್ಪನ ಜೊತೆಗಿದ್ದ. ಒಳ್ಳೆಯವನು, ಆದರೆ ಅಪ್ಪನೆದುರು ದನಿ ಬರುತ್ತಿರಲಿಲ್ಲ. ಅವನ ತಂಗಿ ಸ್ಪಂದನ ಬಿಕಾಂ ಓದುತ್ತಿದ್ದಳು.

ಸಪ್ಲಿಮೆಂಟರಿ ಪರೀಕ್ಷೆಯ ಸುದ್ದಿ ಬಂದದ್ದು ಅವರೆಕಾಯಿ ಕಾಲದಲ್ಲಿ. ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ, ಮುದ್ದೆಗೆ ಸಾರು ಬಿಡುತ್ತಾ ವಚನಾ ತಾನು ಪರೀಕ್ಷೆಗೆ ಕಟ್ಟಿರುವುದಾಗಿ ಹೇಳಿದಳು. ಮುನಿರಾಜು ಮುರಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟರು.

"ಯಾರನ್ನ ಕೇಳಿ ಕಟ್ಟಿದೆ?"

"ಯಾರನ್ನೂ ಕೇಳಿಲ್ಲ ಮಾವ. ಓದಿರೋದು ನಾನಲ್ವಾ."

ಮುನಿರಾಜು ಮಗನ ಕಡೆ ನೋಡಿದರು. ಗೌತಮ್ ಸಾರಿನಲ್ಲಿ ಏನನ್ನೋ ಹುಡುಕತೊಡಗಿದ. ಆಮೇಲೆ ಅರ್ಧ ಗಂಟೆ ಮಾತು ನಡೆಯಿತು. ಮನೆಗೆ ಬೇಕಾದಷ್ಟಿದೆ, ಸೊಸೆ ಊರವರ ಬಾಯಿಗೆಲ್ಲ ಕೈ ಹಾಕಿ ದುಡಿಯುವ ಗತಿ ಬಂದಿಲ್ಲ ಎಂದು ಮುನಿರಾಜು ಹೇಳಿದರು. ತಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಅದರಿಂದ ಏನು ಕಡಿಮೆಯಾಯಿತು ಎಂದು ಚಿಕ್ಕಲಕ್ಷ್ಮಮ್ಮ ಕೇಳಿದರು. ಬರೆಯುವುದಾದರೆ ಮನೆಕೆಲಸ ಒಂದೂ ನಿಲ್ಲಕೂಡದು ಎಂಬಲ್ಲಿಗೆ ಮಾತು ಬಂದು ನಿಂತಿತು. ವಚನಾ ಆಗಲಿ ಎಂದಳು. ಕೆಲಸ ನಿಂತರೆ ತನ್ನ ಓದೂ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಹಾಗಾಗಿ ಅವಳ ಓದು ಅವರೆಕಾಳಿನ ಜೊತೆ ಸಾಗಿತು. ಹಿತಕಿದಬೇಳೆ ಸಾರೆಂದರೆ ಮುನಿರಾಜು ಎರಡು ಸಲ ಬಡಿಸಿಕೊಳ್ಳುತ್ತಿದ್ದರು. ನೆನೆಸಿದ ಕಾಳಿನ ಬೋಸಿಯನ್ನು ನಡುವೆ ಇಟ್ಟುಕೊಂಡು ಅತ್ತಿಗೆ ನಾದಿನಿ ಹಾಲ್‌ನಲ್ಲಿ ಕೂರುತ್ತಿದ್ದರು. ಸ್ಪಂದನ ಒದ್ದೆ ಬೆರಳಲ್ಲೇ ಪುಸ್ತಕ ತಿರುವಿ ಪ್ರಶ್ನೆ ಕೇಳುವುದು, ವಚನಾ ಕಾಳು ಹಿತಕುತ್ತಾ ಉತ್ತರ ಹೇಳುವುದು. ಎರಡು ವಾರವಾದರೂ ಮಾಗದ ಹುಣ್ಣನ್ನು ಏಕೆ ಬಿಡಬಾರದು, ಕೆನ್ನೆಯ ಒಳಗಿನ ಬಿಳಿ ಮಚ್ಚೆ ಒರೆಸಿದರೆ ಹೋಗುತ್ತದೋ ಇಲ್ಲವೋ ಏಕೆ ನೋಡಬೇಕು, ಸಕ್ಕರೆ ಕಾಯಿಲೆಯವರ ವಸಡು ಏಕೆ ಬೇಗ ಸಡಿಲವಾಗುತ್ತದೆ. ಸ್ಪಂದನಳಿಗೇ ಅರ್ಧ ಪಾಠ ಬಾಯಿಗೆ ಬಂದಿತ್ತು.

"ಹಲ್ಲುನೋವು ಅಂತ ಬಂದೋರನ್ನ ಮೊದ್ಲು ಏನು ಕೇಳ್ಬೇಕು?" ಎಂದು ಒಂದು ದಿನ ಸ್ಪಂದನ ಕೇಳಿದಳು.

"ಎಲ್ಲಿ, ಯಾವಾಗ ಶುರುವಾಯ್ತು, ಹೆಂಗಿರುತ್ತೆ, ಎಷ್ಟು ಹೊತ್ತಿರುತ್ತೆ. ಏನು ಮಾಡಿದ್ರೆ ಜಾಸ್ತಿ ಆಗುತ್ತೆ, ಏನು ಮಾಡಿದ್ರೆ ಕಮ್ಮಿ ಆಗುತ್ತೆ. ಹಲ್ಲು ನೋಯ್ತಿದೆ ಅಂತ ಬಂದೋರಿಗೆಲ್ಲ ಹಲ್ಲಿಂದೇ ನೋವು ಬಂದಿರಲ್ಲ ಸ್ಪಂದನ."

ಆ ಹೊತ್ತಿಗೆ ಮುನಿರಾಜು ಮೇಲಿನಿಂದ ಇಳಿದು ಬಂದರು. ನೀರು ಬಿಡುವ ದಿನ ಟ್ಯಾಂಕು ನೋಡಲು ಅವರೇ ತಾರಸಿಗೆ ಹೋಗುತ್ತಿದ್ದರು. ಎಡಗೆನ್ನೆಯನ್ನು ಕೈಯಲ್ಲಿ ಒತ್ತಿ ಹಿಡಿದಿದ್ದರು. ಹೆಂಡತಿಯನ್ನು ಕೂಗಿ ಲವಂಗದ ಎಣ್ಣೆ ತರಿಸಿಕೊಂಡು, ಸೋಫಾದ ಮೇಲೆ ಕೂತು ಹತ್ತಿಯಲ್ಲಿ ಅದ್ದಿ ಕೆಳದವಡೆಯ ಹಲ್ಲಿಗೆ ಒತ್ತಿದರು. ಸ್ವಲ್ಪ ಹೊತ್ತಿಗೆ ನೋವು ಇಳಿಯಿತು. ನಿನ್ನ ಪುಸ್ತಕದಲ್ಲಿ ಇದಕ್ಕಿಂತ ಒಳ್ಳೆ ಔಷಧಿ ಇದೆಯೇ ಎಂದು ಸೊಸೆಯನ್ನು ಕೇಳಿ ಎದ್ದು ಹೋದರು.

ವಚನಾ ಅದನ್ನು ಅಲ್ಲಿಗೇ ಬಿಟ್ಟುಬಿಡಬಹುದಾಗಿತ್ತು. ಅದೇ ವಾರದಲ್ಲಿ ಇನ್ನೊಂದು ಸಲ ಹಾಗೆಯೇ ಆಯಿತು, ಮೂರನೇ ಮಹಡಿಯ ಬಾಡಿಗೆದಾರ ಬಸಪ್ಪನ ಮನೆಯ ನಲ್ಲಿ ನೋಡಿ ಬಂದಾಗ. ಮತ್ತೊಂದು ಸಲ ಊಟ ಮಾಡಿ ಬಸ್ ಸ್ಟಾಪಿನವರೆಗೆ ಬಿರಬಿರನೆ ನಡೆದು ಬಂದಾಗ. ಐಸ್‌ಕ್ರೀಮು ತಿಂದಾಗ ನೋವಿಲ್ಲ, ಕಡಲೆಬೀಜ ಅಗಿದಾಗ ನೋವಿಲ್ಲ. ಮೆಟ್ಟಿಲು ಹತ್ತಿದರೆ ನೋವು, ಕೂತರೆ ಇಲ್ಲ. ಲವಂಗದ ಎಣ್ಣೆ ಹಚ್ಚಲು ಅವರು ಹೇಗೂ ಕೂರಲೇಬೇಕಿತ್ತು.

ಅವಳು ಇದನ್ನು ಮೊದಲು ಗಂಡನಿಗೆ ಹೇಳಿದಳು. ಹೃದಯಕ್ಕೆ ರಕ್ತ ಸಾಲದಾದಾಗ ಕೆಲವರಿಗೆ ಎದೆ ನೋಯುವುದಿಲ್ಲ, ದವಡೆ ನೋಯುತ್ತದೆ, ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವು ಗೊತ್ತೇ ಆಗದೆ ಹೋಗಬಹುದು, ಮಾವನಿಗೆ ಸಕ್ಕರೆ ಇದೆ ಎಂದಳು. ಗೌತಮ್ ಹೆದರಿದ. ಅಪ್ಪನ ಹತ್ತಿರ ನಿಧಾನಕ್ಕೆ ಮಾತಾಡುತ್ತೇನೆ ಎಂದ. ಅವನ ನಿಧಾನ ಎಷ್ಟು ದಿನದ್ದೆಂದು ಅವಳಿಗೆ ಅನುಭವವಿತ್ತು. ಮಾರನೆಯ ಬೆಳಿಗ್ಗೆ ಕಾಫಿ ಕೊಡುವಾಗ ತಾನೇ ಮಾವನಿಗೆ ಹೇಳಿದಳು.

"ನಂಗೆ ಹಾರ್ಟು ಅಂತೀಯ?" ಎಂದರು ಮುನಿರಾಜು. "ಓದಕ್ಕೆ ಕೂತಿದೀಯ, ಓದು. ಪರೀಕ್ಷೆ ನನ್ನ ಮೇಲೆ ಮಾಡ್ಬೇಡ."

ಒಳಗಿನಿಂದ ಚಿಕ್ಕಲಕ್ಷ್ಮಮ್ಮ ಬಂದರು. ಬೆಳಿಗ್ಗೆ ಬೆಳಿಗ್ಗೆ ಇಂಥ ಮಾತು ಮನೆಯಲ್ಲಿ ಆಡಬಾರದೆಂದರು. ಅವತ್ತಿಡೀ ಅವರು ಸೊಸೆಯ ಜೊತೆ ಪಾತ್ರೆಗಳ ಸದ್ದಿನ ಮೂಲಕವೇ ಮಾತಾಡಿದರು.

ಆದರೂ ನೋವು ಬಿಡಲಿಲ್ಲವಾದ್ದರಿಂದ ಮುನಿರಾಜು ಹಲ್ಲು ಕೀಳಿಸಲು ಹೊರಟರು. ಸುಂಕದಕಟ್ಟೆಯ ಡಾಕ್ಟರ್ ಹನುಮೇಶ ಅವರ ಬಹುಕಾಲದ ದಂತವೈದ್ಯರು. ವಚನಾ ತಾನೂ ಬರುತ್ತೇನೆಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ಯಾರೂ ಬಾ ಎನ್ನಲಿಲ್ಲ, ಇಳಿ ಎನ್ನಲೂ ಇಲ್ಲ.

ಹನುಮೇಶ ಬಾಯಿ ನೋಡಿದರು. ಎಡಗಡೆ ಕೆಳಗೆ ಒಂದು ದವಡೆಹಲ್ಲು ಹುಳುಕಾಗಿತ್ತು. ತೆಗೆದುಬಿಡೋಣ ಎಂದು ಅರಿವಳಿಕೆಯ ಸೂಜಿಗೆ ಕೈ ಹಾಕಿದರು. ಆಗ ವಚನಾ ಗೋಡೆಯ ಪಕ್ಕದಿಂದ ಮುಂದೆ ಬಂದು, ಹಲ್ಲನ್ನು ಒಮ್ಮೆ ತಟ್ಟಿ ನೋಡುತ್ತೀರಾ ಸಾರ್ ಎಂದು ಕೇಳಿದಳು. ಡಾಕ್ಟರು ಅವಳತ್ತ ನೋಡಿ, ಉಪಕರಣದ ಹಿಡಿಯಿಂದ ತಟ್ಟಿದರು. ನೋಯುತ್ತದೆಯೇ ಎಂದರೆ ಮುನಿರಾಜು ಇಲ್ಲವೆಂದು ತಲೆಯಾಡಿಸಿದರು. ತಣ್ಣನೆಯದು ತಾಗಿಸಿದರು, ಜುಮ್ಮೆಂದು ತಕ್ಷಣ ಹೋಯಿತು. ಎಕ್ಸ್‌ರೇಯಲ್ಲಿ ಹುಳುಕು ಕಂಡಿತು, ಬೇರಿನ ಬುಡದಲ್ಲಿ ಕೀವೇನೂ ಇರಲಿಲ್ಲ.

"ಸಾರ್, ಇವ್ರಿಗೆ ನೋವು ಬರೋದು ಮೆಟ್ಟಿಲು ಹತ್ತಿದಾಗ," ಎಂದಳು ವಚನಾ.

ಮುನಿರಾಜು ಕುರ್ಚಿಯಲ್ಲಿ ನೆಟ್ಟಗೆ ಎದ್ದು ಕೂತರು. "ನನ್ನ ಹಲ್ಲಿಗೆ ನೀನು ಲಾಯರಾ? ಕೀಳಿ ಡಾಕ್ಟ್ರೇ."

ಹನುಮೇಶ ಸೂಜಿಯನ್ನು ತಟ್ಟೆಯಲ್ಲಿ ಇಟ್ಟರು. ಹಲ್ಲು ಕೆಟ್ಟಿರುವುದು ನಿಜ, ಅದನ್ನು ಯಾವತ್ತಾದರೂ ತೆಗೆಯಬಹುದು, ಮೊದಲು ಒಂದು ಇಸಿಜಿ ಮಾಡಿಸಿಕೊಂಡು ಬನ್ನಿ ಎಂದರು. ಮುನಿರಾಜು ಮುಖ ಊದಿಸಿಕೊಂಡೇ ಕಾರು ಹತ್ತಿದರು. ಆದರೂ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಇಸಿಜಿ ಮಾಡಿಸಿದರು. ಅದರಲ್ಲಿ ಏನೂ ಇರಲಿಲ್ಲ.

ಆ ಮಧ್ಯಾಹ್ನದ ಊಟವನ್ನು ವಚನಾ ಬಹಳ ಕಾಲ ಮರೆಯಲಿಲ್ಲ. ಮುನಿರಾಜು ಇಸಿಜಿಯ ಉದ್ದನೆಯ ಕಾಗದವನ್ನು ಊಟದ ಮೇಜಿನ ಮೇಲೆ ಹಾಸಿ, ಇಲ್ಲಿ ಎಲ್ಲಿದೆ ತೋರಿಸು ಎಂದರು. ಮಲಗಿ ತೆಗೆಸಿದ ಇಸಿಜಿ ಚೆನ್ನಾಗಿಯೇ ಬರಬಹುದು, ನೋವಿರುವುದು ನಡೆದಾಗ, ನಡೆಸಿ ನೋಡುವ ಟೆಸ್ಟ್ ಆಗಬೇಕು, ನರ್ಸಿಂಗ್ ಹೋಮಿನ ಡಾಕ್ಟರೂ ಅದನ್ನೇ ಹೇಳಿದರಲ್ಲ ಎಂದು ಅವಳು ಹೇಳಿದಳು. ಗೆದ್ದಾಯಿತು, ಇನ್ನೇನು ಟೆಸ್ಟು ಎಂದು ಮುನಿರಾಜು ನಕ್ಕರು. ಗೌತಮ್ ಸಹ ನಕ್ಕ. ಅವನದು ಭಯ ಇಳಿದ ನಗು, ಆದರೂ ಅವಳಿಗೆ ಚುಚ್ಚಿತು.

ಚಿಕ್ಕಲಕ್ಷ್ಮಮ್ಮ ನಗಲಿಲ್ಲ. "ಒಂದು ಮಾತು ಆಗ್ಹೋಗ್ಲಿ. ಆ ಟೆಸ್ಟೂ ಮಾಡ್ಸಣ. ಅದ್ರಲ್ಲೂ ಏನೂ ಇಲ್ಲ ಅಂದ್ರೆ ನೀನು ಪುಸ್ತಕ ಎಲ್ಲ ಕಟ್ಟಿ ಅಟ್ಟಕ್ಕೆ ಹಾಕ್ಬೇಕು."

"ಇಲ್ಲ ಅತ್ತೆ," ಎಂದಳು ವಚನಾ. "ಟೆಸ್ಟು ಮಾವನ ಆರೋಗ್ಯಕ್ಕೆ. ಪರೀಕ್ಷೆ ನಂದು. ಎರಡನ್ನೂ ಗಂಟು ಹಾಕ್ಬೇಡಿ. ನಾನು ಹೇಳಿದ್ದು ತಪ್ಪಾದ್ರೂ ಬರೀತೀನಿ, ಸರಿಯಾದ್ರೂ ಬರೀತೀನಿ."

"ನೋಡಿದ್ರಾ ಬಾಯಿ," ಎಂದು ಅತ್ತೆ ಗಂಡನ ಕಡೆ ತಿರುಗಿದರು.

ಟೆಸ್ಟಿನ ಮಾತು ಅಲ್ಲಿಗೇ ಬಿದ್ದುಹೋಯಿತು. ವಚನಾ ಆಮೇಲೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ತನಗೇ ಅನುಮಾನ ಬಂದಿತ್ತು. ಪುಸ್ತಕ ತೆಗೆದು ಆ ಪುಟವನ್ನು ಮತ್ತೆ ಓದಿದಳು. ಅನುಮಾನ ಹೋಗಲಿಲ್ಲ, ಆದರೆ ಟೆಸ್ಟ್ ಆಗಲೇಬೇಕು ಎನ್ನುವುದೂ ಮನಸ್ಸಿನಿಂದ ಹೋಗಲಿಲ್ಲ. ದಿನಾ ಬೆಳಿಗ್ಗೆ ಕಾಫಿ ಕೊಡುವಾಗ ಮಾವನಿಗೆ ಟೆಸ್ಟ್ ಯಾವಾಗ ಎಂದು ಕೇಳುವುದನ್ನು ರೂಢಿ ಮಾಡಿಕೊಂಡಳು. ಮುನಿರಾಜು ಕಾಫಿಯನ್ನು ಹೆಂಡತಿಯ ಕೈಯಿಂದಲೇ ಇಸಿದುಕೊಳ್ಳತೊಡಗಿದರು.

ಮುಂದಿನ ವಾರ ಅವರು ಯಾರಿಗೂ ಹೇಳದೆ ಸ್ಕೂಟರ್ ಹತ್ತಿ ವಿಜಯನಗರಕ್ಕೆ ಹೋಗಿ, ಗುರುತಿಲ್ಲದ ಯಾವುದೋ ಕ್ಲಿನಿಕ್ಕಿನಲ್ಲಿ ಹಲ್ಲು ಕೀಳಿಸಿಕೊಂಡು ಬಂದರು. ಬಾಯಲ್ಲಿ ಹತ್ತಿ ಕಚ್ಚಿಕೊಂಡೇ, ಕಾಗದದಲ್ಲಿ ಸುತ್ತಿದ್ದ ಹಲ್ಲನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರು. ಮಾತಾಡಲಾಗದಿದ್ದರೂ ಅವರು ಹೇಳಬೇಕೆಂದಿದ್ದದ್ದು ಎಲ್ಲರಿಗೂ ತಿಳಿಯಿತು. ವಚನಾ ಹಲ್ಲನ್ನು ತಿರುಗಿಸಿ ನೋಡಿದಳು. ಒಳಗೆ ಹೋಗಿ ಅವರಿಗೆ ರಾಗಿ ಗಂಜಿ ಕಾಯಿಸಿ ಆರಿಸಿ ಕೊಟ್ಟಳು. ಇವತ್ತೊಂದು ದಿನ ಬಾಯಿ ಮುಕ್ಕಳಿಸಬೇಡಿ, ಉಗುಳಬೇಡಿ ಎಂದಷ್ಟೇ ಹೇಳಿದಳು.

ಹಲ್ಲು ಕಿತ್ತ ಮೇಲೆ ನೋವಿನ ಮಾತು ನಿಂತುಹೋಯಿತು. ಮನೆಯಲ್ಲಿ ಮತ್ತೆ ಹಿತಕಿದಬೇಳೆ ಸಾರಾಯಿತು. ಬಂದವರಿಗೆಲ್ಲ ಮುನಿರಾಜು ಸೊಸೆಯ ಹಾರ್ಟಿನ ಕಥೆ ಹೇಳಿ ನಗಿಸಿದರು. ವಚನಾ ತಟ್ಟೆ ತೆಗೆಯುತ್ತಾ ಅದನ್ನು ಕೇಳಿಸಿಕೊಂಡಳು. ಓದುವುದನ್ನು ಮಾತ್ರ ಬಿಡಲಿಲ್ಲ.

ಅದಾಗಿ ಸುಮಾರು ಹತ್ತು ದಿನಕ್ಕೆ, ಒಂದು ಬೆಳಿಗ್ಗೆ ಅವಳು ಒಗೆದ ಬಟ್ಟೆಯ ಬಕೆಟ್ಟು ಹಿಡಿದು ತಾರಸಿಗೆ ಹತ್ತುತ್ತಿದ್ದಾಗ ಮೂರನೇ ಮಹಡಿಯ ತಿರುವಿನಲ್ಲಿ ಮುನಿರಾಜು ಮೆಟ್ಟಿಲ ಮೇಲೆ ಕೂತಿದ್ದರು. ಟ್ಯಾಂಕು ನೋಡಲು ಹೊರಟವರಿಗೆ ಅಲ್ಲಿಂದ ಮುಂದೆ ಹತ್ತಲಾಗಿರಲಿಲ್ಲ. ಕೈ ಎಡದವಡೆಯ ಮೇಲಿತ್ತು. ಹಣೆಯ ಮೇಲೆ, ಮೂಗಿನ ಕೆಳಗೆ ಬೆವರು. ಜನವರಿಯ ಗಾಳಿ ತಣ್ಣಗೆ ಬೀಸುತ್ತಿತ್ತು.

ಅವಳು ಬಕೆಟ್ಟು ಇಳಿಸಿ ಎದುರಿಗೆ ಕೂತಳು. ಎಲ್ಲಿ ನೋವು ಎಂದು ಕೇಳಿದಳು. ಅವರು ಬೆರಳಿಟ್ಟು ತೋರಿಸಿದ್ದು ಹಲ್ಲೇ ಇಲ್ಲದ ಜಾಗವನ್ನು.

"ಗಾಯ ಇನ್ನೂ ಮಾಗಿಲ್ಲ ಕಣಮ್ಮ. ಅದೇ."

"ಮಾಗದ ಗಾಯ ಮೆಟ್ಟಿಲು ಹತ್ತಿದಾಗ ಮಾತ್ರ ನೋಯುತ್ತಾ ಮಾವ?"

ಮುನಿರಾಜು ಗೋಡೆಗೆ ತಲೆ ಒರಗಿಸಿದರು. ಕಿತ್ತ ಮೇಲೂ ಒಂದು ದಿನವೂ ನೋವು ಬಿಟ್ಟಿರಲಿಲ್ಲ ಎಂದು ಮೆಲ್ಲಗೆ ಹೇಳಿದರು. ಮುಂಚೆ ಕೂತರೆ ಹೋಗುತ್ತಿತ್ತು. ಇವತ್ತು ಕೂತು ಬಹಳ ಹೊತ್ತಾಯಿತು, ಹೋಗುತ್ತಿಲ್ಲ. ಆಮೇಲೆ ಅವಳ ಕೈ ಹಿಡಿದುಕೊಂಡರು. "ನಿಮ್ಮತ್ತೆಗೆ ಹೇಳ್ಬೇಡ. ಅಂಗಡಿ ಹುಡುಗ್ರಿಗೆ ಗೊತ್ತಾಗೋದು ಬೇಡ. ಒಂಚೂರು ಸುಧಾರಿಸ್ಕೊಂಡು ನಾನೇ ಇಳಿದು ಬರ್ತೀನಿ."

"ಹೇಳ್ತೀನಿ ಮಾವ. ಎಲ್ರಿಗೂ ಹೇಳ್ತೀನಿ. ನೀವು ಇಳೀಬೇಡಿ, ಇಲ್ಲೇ ಕೂತಿರಿ."

ಅವಳು ಮೆಟ್ಟಿಲ ಕಂಬಿಯ ಮೇಲಿಂದ ಕೆಳಗೆ ಬಗ್ಗಿ ಸ್ಪಂದನಳನ್ನು ಕೂಗಿದಳು. ಅವಳ ದನಿ ಅಷ್ಟು ದೊಡ್ಡದೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಲು, ಕೆಳಗಿನ ಔಷಧಿ ಅಂಗಡಿಯಿಂದ ಆಸ್ಪಿರಿನ್ ಮಾತ್ರೆ ತರಲು ಹೇಳಿದಳು. ಬಸಪ್ಪ ಬಾಗಿಲು ತೆಗೆದು ಬಂದು, ಕುರ್ಚಿ ತಂದ. ಗೌತಮ್ ಓಡಿ ಬಂದ. ವಿಜಯನಗರದ ಆ ಡೆಂಟಿಸ್ಟಿಗೆ ಫೋನ್ ಮಾಡುತ್ತೇನೆಂದು ನಂಬರು ಹುಡುಕತೊಡಗಿದ.

"ಡೆಂಟಿಸ್ಟ್ ಬೇಡ ರೀ," ಎಂದಳು ವಚನಾ. "ಹಾರ್ಟ್ ಡಾಕ್ಟ್ರು ಇರೋ ಆಸ್ಪತ್ರೆಗೆ ಮಾಡಿ, ನಾವು ಬರ್ತಿದೀವಿ ಅಂತ."

ಮಾತ್ರೆ ಬಂತು. ಇಂಥ ಮಾತ್ರೆ ಯಾವತ್ತಾದರೂ ಒಗ್ಗದೆ ಹೋಗಿತ್ತೇ, ಹೊಟ್ಟೆಯಲ್ಲಿ ಹುಣ್ಣಿತ್ತೇ ಎಂದು ಕೇಳಿ, ಇಲ್ಲವೆಂದು ಖಚಿತವಾದ ಮೇಲೆ ಅಗಿಯಲು ಕೊಟ್ಟಳು. ಅಷ್ಟರಲ್ಲಿ ಚಿಕ್ಕಲಕ್ಷ್ಮಮ್ಮ ಏದುಸಿರು ಬಿಡುತ್ತಾ ಹತ್ತಿ ಬಂದರು. ಔಷಧಿ ಅಂಗಡಿಯವನು ಅದು ರಕ್ತ ತೆಳು ಮಾಡುವ ಮಾತ್ರೆ ಎಂದಿದ್ದನ್ನು ಅವರು ಕೇಳಿಸಿಕೊಂಡಿದ್ದರು. ಗಂಡನ ಬಾಯಿಗೆ ಅಡ್ಡ ಕೈ ಹಿಡಿದರು.

"ಹಲ್ಲು ಕಿತ್ತಿರೋ ಬಾಯಿ ಕಣೇ. ರಕ್ತ ಬಂದ್ರೆ ಏನು ಮಾಡ್ತೀಯ?"

"ಬಾಯಲ್ಲಿ ರಕ್ತ ಬಂದ್ರೆ ಹತ್ತಿ ಕಚ್ಚಿಸ್ತೀನಿ ಅತ್ತೆ. ಹಾರ್ಟಿಗೆ ಕಚ್ಚಿಸೋಕೆ ನನ್ನ ಹತ್ರ ಏನೂ ಇಲ್ಲ. ಕೈ ತೆಗೀರಿ."

ಚಿಕ್ಕಲಕ್ಷ್ಮಮ್ಮ ಸೊಸೆಯ ಮುಖ ನೋಡಿದರು. ಕೈ ತೆಗೆದರು.

ಆಂಬುಲೆನ್ಸ್ ಸುಮನಹಳ್ಳಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಮುನಿರಾಜು ಕಣ್ಣು ಮುಚ್ಚಿದ್ದರು. ಪಕ್ಕದಲ್ಲಿ ಕೂತಿದ್ದ ವಚನಾ ಅವರನ್ನು ಆಗಾಗ ಮಾತಾಡಿಸುತ್ತಿದ್ದಳು. ಅವರು ಹೂಂ ಎಂದಾಗಲೆಲ್ಲ ಅವಳಿಗೆ ಜೀವ ಬಂದಂತಾಗುತ್ತಿತ್ತು. ರಾಜಾಜಿನಗರದ ಆಸ್ಪತ್ರೆಯಲ್ಲಿ ಈ ಸಲದ ಇಸಿಜಿ ಮೊದಲಿನಂತಿರಲಿಲ್ಲ. ಅವತ್ತೇ ಕೈಯ ನಾಳದಿಂದ ಸಣ್ಣ ಕೊಳವೆ ತೂರಿಸಿ ನೋಡಿದರು. ಹೃದಯದ ಮುಖ್ಯ ರಕ್ತನಾಳವೊಂದು ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಸ್ಟೆಂಟ್ ಹಾಕಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೊರಗೆ ಬಂದು ಹೇಳಿದಾಗ ಗೌತಮ್ ಗೋಡೆಗೆ ಮುಖ ಮಾಡಿ ಅತ್ತ. ಚಿಕ್ಕಲಕ್ಷ್ಮಮ್ಮ ಅಳಲಿಲ್ಲ. ಸೊಸೆಯ ಪಕ್ಕದ ಕುರ್ಚಿಯಲ್ಲಿ ಬಂದು ಕೂತರು.

ಮುನಿರಾಜು ಮನೆಗೆ ಬಂದರು. ಜೊತೆಗೆ ಹೊಸ ಕೆಲಸಗಳೂ ಬಂದವು. ಉಪ್ಪು ಎಣ್ಣೆ ಕಡಿಮೆಯ ಅಡುಗೆ ಬೇರೆ, ಉಳಿದವರದು ಬೇರೆ. ಹೊತ್ತುಹೊತ್ತಿಗೆ ಮಾತ್ರೆ. ನೋಡಲು ಬರುವ ನೆಂಟರು, ಅವರು ತರುವ ಸೇಬು, ಅವರಿಗೆ ಕಾಫಿ, ಮಧ್ಯಾಹ್ನಕ್ಕೂ ಉಳಿದುಕೊಂಡವರಿಗೆ ಊಟ. ಮನೆಯಲ್ಲೇ ಡಾಕ್ಟರಿರುವಾಗ ಇನ್ನೇನು ಯೋಚನೆ, ಅವಳೇ ನೋಡಿಕೊಳ್ಳಲಿ ಎಂದು ಬಂದವರೆಲ್ಲ ಹೇಳಿ ಹೋದರು. ನಿನ್ನೆಯವರೆಗೆ ಹಲ್ಲು ಕೀಳುವವಳಾಗಿದ್ದ ವಚನಾ ಈಗ ಡಾಕ್ಟರಾಗಿದ್ದಳು. ಡಾಕ್ಟರಾದದ್ದರಿಂದ ಓದಲು ಹೊತ್ತೇ ಇರಲಿಲ್ಲ. ಪರೀಕ್ಷೆಗೆ ಉಳಿದದ್ದು ಒಂದೇ ವಾರ.

ಒಂದು ಮಧ್ಯಾಹ್ನ ಎಲ್ಲರೂ ಮುನಿರಾಜು ಮಲಗಿದ್ದ ರೂಮಿನಲ್ಲೇ ತಟ್ಟೆ ಹಿಡಿದು ಕೂತಿದ್ದಾಗ ಚಿಕ್ಕಲಕ್ಷ್ಮಮ್ಮ ಮಾತು ತೆಗೆದರು. ಈ ಸಲದ ಪರೀಕ್ಷೆ ಬಿಟ್ಟುಬಿಡು, ಮುಂದಿನ ಸಲ ಬರಿ, ನಾನೇ ನಿಂತು ಬರೆಸುತ್ತೇನೆ ಎಂದರು. ಅವರ ದನಿಯಲ್ಲಿ ಜಗಳವಿರಲಿಲ್ಲ. ನಿಜವಾಗಿಯೂ ದಣಿದಿದ್ದರು.

"ಬಿಡಲ್ಲ ಅತ್ತೆ."

"ಇವ್ರನ್ನ ಯಾರು ನೋಡ್ಕೊಳ್ತಾರೆ?"

ಮುನಿರಾಜು ದಿಂಬಿನ ಮೇಲೆ ಎದ್ದು ಕೂತರು. "ಬರೀಲಿ ಬಿಡು ಲಕ್ಷ್ಮಿ. ನನ್ನ ಜೀವ ಉಳಿಸಿದ್ದಾಳೆ. ಅಷ್ಟಾದ್ರೂ ಮಾಡ್ದೆ ಇದ್ರೆ ಹೆಂಗೆ. ನಾನು ಒಪ್ಪಿದೀನಿ ಕಣಮ್ಮ, ಬರಿ."

ವಚನಾ ಮಜ್ಜಿಗೆಯ ಲೋಟವನ್ನು ಅವರ ಕೈಗೆ ಕೊಟ್ಟು ನಿಂತಳು. ಸುಮ್ಮನೆ ತಲೆಯಾಡಿಸಿದ್ದರೆ ಎಲ್ಲ ಸುಲಭವಾಗಿ ಮುಗಿಯುತ್ತಿತ್ತು.

"ಅದಕ್ಕೋಸ್ಕರ ಬೇಡ ಮಾವ. ನಿಮ್ಗೆ ಏನೂ ಆಗ್ದೇ ಇದ್ದಿದ್ರೂ ನಾನು ಬರೀತಿದ್ದೆ. ನೀವು ಒಪ್ಪಿದ್ರಿ ಅಂತ ಬರೀತಿಲ್ಲ. ಇದು ಬಹುಮಾನ ಅಲ್ಲ."

ಅವಳು ಅಷ್ಟಕ್ಕೇ ಬಿಡದೆ ಗಂಡನ ಕಡೆ ತಿರುಗಿದಳು.

"ನಾಳೆಯಿಂದ ಮಾವನ ಅಡುಗೆ ನಿಮ್ಮದು. ಅಂಗಡಿ ಹತ್ತು ಗಂಟೆಗೆ ತೆಗೀರಿ, ಏನೂ ಆಗಲ್ಲ. ಉಪ್ಪು ಎಷ್ಟು ಹಾಕ್ಬೇಕು ಅಂತ ಸ್ಪಂದನಂಗೆ ಗೊತ್ತು. ನೆಂಟ್ರಿಗೆ ಫೋನ್ ಮಾಡಿ, ಒಂದು ವಾರ ಬರ್ಬೇಡಿ ಅನ್ನಿ. ಡಾಕ್ಟ್ರು ಹೇಳಿದ್ದಾರೆ ಅಂತಾನೇ ಅನ್ನಿ."

"ಯಾವ ಡಾಕ್ಟ್ರು?" ಎಂದು ಗೌತಮ್ ಕೇಳಿಬಿಟ್ಟ. ಸ್ಪಂದನ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಅವನಿಗೂ ಅರ್ಥವಾಗಿ ತಲೆ ತಗ್ಗಿಸಿದ.

ಗೌತಮ್ ಮೊದಲ ದಿನ ಮಾಡಿದ ಸೊಪ್ಪಿನ ಸಾರು ನೀರಾಗಿತ್ತು. ಎರಡನೇ ದಿನ ಮುದ್ದೆ ಗಂಟಾಯಿತು. ಮುನಿರಾಜು ತಿಂದರು. ಚಿಕ್ಕಲಕ್ಷ್ಮಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗ ಪಾತ್ರೆ ತಿಕ್ಕುವುದನ್ನು ನೋಡಲಾಗದೆ ಕಿತ್ತುಕೊಳ್ಳಲು ಹೋದರು. ಆಮೇಲೆ ಏನೆನ್ನಿಸಿತೋ, ಹಾಲ್‌ಗೆ ಹೋಗಿ ಟಿವಿ ಮುಂದೆ ಕೂತರು. ವಚನಾ ರೂಮಿನ ಬಾಗಿಲು ಹಾಕಿಕೊಂಡು ಓದಿದಳು. ಒಂದೆರಡು ಸಲ ಪಾತ್ರೆ ಬಿದ್ದ ಸದ್ದಿಗೆ ಎದ್ದು ನಿಂತಳು. ಹೊರಗೆ ಮಾತ್ರ ಹೋಗಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಅವಳು ಹೊರಡುವಾಗ ಅತ್ತೆ ಟಿಫನ್ ಡಬ್ಬಿಗೆ ಚಿತ್ರಾನ್ನ ಹಾಕುತ್ತಿದ್ದರು. ಬೇಡವೆನ್ನುವುದರೊಳಗೆ ಮುಚ್ಚಳ ಒತ್ತಿ ಬ್ಯಾಗಿಗೆ ತುರುಕಿದರು. ಪ್ರಶ್ನೆಪತ್ರಿಕೆ ಸುಲಭವೂ ಇರಲಿಲ್ಲ, ಕಷ್ಟವೂ ಇರಲಿಲ್ಲ. ದವಡೆನೋವಿನ ಬಗ್ಗೆ ಒಂದು ಪ್ರಶ್ನೆಯೂ ಬಂದಿರಲಿಲ್ಲ. ಬಾಯಿ ತೆರೆಯಲಾಗದಂತೆ ಮಾಡುವ ಕಾಯಿಲೆಯ ಬಗ್ಗೆ, ಜೊಲ್ಲುಗ್ರಂಥಿಯ ಊತದ ಬಗ್ಗೆ, ಎಕ್ಸ್‌ರೇ ತೆಗೆಯುವಾಗ ಆಗುವ ತಪ್ಪುಗಳ ಬಗ್ಗೆ ಕೇಳಿದ್ದರು. ಒಂದನ್ನು ಅರ್ಧಕ್ಕೆ ಬಿಟ್ಟಳು, ಉಳಿದದ್ದನ್ನು ಬರೆದಳು. ರೋಗಿಯನ್ನು ಕೂರಿಸಿಕೊಂಡು ನಡೆಸುವ ಪ್ರಾಯೋಗಿಕ ಪರೀಕ್ಷೆಯಲ್ಲಿ, ಅವಳು ಹೇಳಿದ ಉತ್ತರ ಸರಿಯಿಲ್ಲವೆಂದು ಹೊರಗಿನಿಂದ ಬಂದಿದ್ದ ಪರೀಕ್ಷಕರು ಹೇಳಿದಾಗ, ತಾನು ಏಕೆ ಹಾಗೆ ಹೇಳಿದೆ ಎಂದು ರೋಗಿಯ ಬಾಯನ್ನೇ ತೋರಿಸಿ ವಿವರಿಸಿದಳು. ಅವರು ಮುಖ ಗಂಟಿಕ್ಕಿಕೊಂಡು ಅಂಕ ಹಾಕಿದರು. ಎಷ್ಟೆಂದು ಕಾಣಿಸಲಿಲ್ಲ.

ಪಾಸಾದಳು. ಅಂಕಗಳು ಹೇಳಿಕೊಳ್ಳುವಂಥವಲ್ಲ. ಇಂಟರ್ನ್‌ಶಿಪ್ ಶುರುವಾಗಿ, ಅವಳು ದಿನಾ ಬೆಳಿಗ್ಗೆ ಬಿಳಿ ಕೋಟು ಮಡಿಸಿ ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತತೊಡಗಿದಳು. ಗೌತಮ್‌ನ ಮುದ್ದೆ ಈಗ ಗಂಟಾಗುತ್ತಿರಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಮುನಿರಾಜುವಿನ ದೊಡ್ಡಪ್ಪನ ಮಗ ತಿಮ್ಮಯ್ಯ ಬಂದರು. ಅವರ ಮೊಮ್ಮಗಳು ಮಾಲವಿಕಾ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಳು. ಒಳ್ಳೆಯ ಸಂಬಂಧ ಕೂಡಿಬಂದಿದೆ, ಇನ್ನೆರಡು ತಿಂಗಳಲ್ಲಿ ಮದುವೆ ಮುಗಿಸುತ್ತೇವೆ, ಓದು ಆಮೇಲೆ ನೋಡಿಕೊಳ್ಳುತ್ತಾಳೆ ಬಿಡು, ನಿಮ್ಮ ಸೊಸೆಯೂ ಮದುವೆಯಾಗಿ ಬಂದೇ ಓದಲಿಲ್ಲವೇ ಎಂದರು. ಮುನಿರಾಜುವಿಗೆ ಹುಮ್ಮಸ್ಸು ಬಂತು. ಮೆಟ್ಟಿಲ ಮೇಲೆ ಕೂತಿದ್ದರಿಂದ ಹಿಡಿದು ಆಂಬುಲೆನ್ಸಿನವರೆಗೆ ಎಲ್ಲ ಹೇಳಿದರು. ಕೊನೆಗೆ, "ನಾನೇ ಕೂರಿಸಿ ಓದಿಸಿದ್ದು ಕಣಣ್ಣ. ಸೊಸೆ ಅಂತ ಭೇದ ಮಾಡ್ಲಿಲ್ಲ," ಎಂದರು.

ವಚನಾ ಕಾಫಿ ತಂದವಳು ಲೋಟವನ್ನು ತಿಮ್ಮಯ್ಯನವರ ಮುಂದಿಟ್ಟಳು.

"ಇಲ್ಲ ಮಾವ. ನೀವು ಬೇಡ ಅಂದಿದ್ರಿ. ನಾನು ನಿಮ್ಮ ಮಾತು ಮೀರಿ ಬರೆದೆ."

ತಿಮ್ಮಯ್ಯ ಕಾಫಿಯ ಕಡೆ ನೋಡಿದರು. ಮುನಿರಾಜುವಿನ ಮುಖ ಕೆಂಪಾಯಿತು. ಅಡುಗೆಮನೆಯ ಬಾಗಿಲಿನಿಂದ ಚಿಕ್ಕಲಕ್ಷ್ಮಮ್ಮನ ದನಿ ಬಂತು.

"ನಾನೂ ಬೇಡ ಅಂದಿದ್ದೆ. ಅದನ್ನೂ ಸೇರ್ಸಿ ಹೇಳು."

ಮುನಿರಾಜು ಹೂಂ ಎಂದರು. ತಾನು ಬೇಡವೆಂದದ್ದು ನಿಜ, ಪೂಜೆಯ ದಿನ ಮನೆಯವರೆಲ್ಲ ಸೇರಿ ಅವಳನ್ನು ಬಡಿಸಲು ನಿಲ್ಲಿಸಿ ಒಂದು ಸಲ ಫೇಲು ಮಾಡಿಸಿದ್ದೂ ನಿಜ ಎಂದು ಅಣ್ಣನಿಗೆ ಹೇಳಿದರು. ಅದನ್ನು ಹೇಳುವಾಗ ಸೊಸೆಯ ಮುಖ ನೋಡಲಿಲ್ಲ.

ವಚನಾ ಖಾಲಿ ತಟ್ಟೆ ಹಿಡಿದು ನಿಂತೇ ಇದ್ದಳು. "ಮಾಲವಿಕಾಗೆ ಪರೀಕ್ಷೆ ಯಾವಾಗ ದೊಡ್ಡಮಾವ?"

ತಿಮ್ಮಯ್ಯನವರಿಗೆ ಗೊತ್ತಿರಲಿಲ್ಲ.

"ಅವಳನ್ನೇ ಕೇಳಿ. ಕೇಳಿ ಆಮೇಲೆ ಮುಹೂರ್ತ ಇಡಿಸಿ."

ಚಿಕ್ಕಲಕ್ಷ್ಮಮ್ಮ ಸೆರಗಿಗೆ ಕೈ ಒರೆಸುತ್ತಾ ಹೊರಗೆ ಬಂದು ಸೊಸೆಯ ಪಕ್ಕ ನಿಂತರು. ತಿಮ್ಮಯ್ಯ ಇಬ್ಬರನ್ನೂ ನೋಡಿದರು. ಕಾಫಿ ಆರುತ್ತಿತ್ತು. ಅವರು ಜೇಬಿನಿಂದ ಫೋನ್ ತೆಗೆದು, ಕಣ್ಣಿಗೆ ದೂರ ಹಿಡಿದು, ಮೊಮ್ಮಗಳ ಹೆಸರು ಹುಡುಕತೊಡಗಿದರು.